ಎಡಗೈಯ ಬೆಸುಗೆ

ಪಂಜ ಪೇಟೆಯಿಂದ ತುಸು ಕೆಳಗೆ ಸಂಕಪ್ಪನ ಗ್ಯಾರೇಜು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ವೆಲ್ಡಿಂಗ್ ಕಲಿತವನು, ಈಗ ಐವತ್ತನಾಲ್ಕು. ಎಡಚ. ಅವನ ಬೆಸುಗೆಯಲ್ಲಿ ಕಬ್ಬಿಣ ಕರಗಿ ಆರಿದ ಅಲೆಗಳು ಬೇರೆಯವರದ್ದಕ್ಕಿಂತ ಉಲ್ಟಾ ಬೀಳುತ್ತವೆ. ಸುಳ್ಯದಿಂದ ಕಡಬದವರೆಗೆ ತನ್ನ ಕೆಲಸ ಗುರುತಿಸಲು ಸಹಿ ಬೇಡ ಎಂದು ಅವನು ಹೆಮ್ಮೆಪಡುತ್ತಿದ್ದ.

ಕಳೆದ ವರ್ಷ ಸವಣೂರಿನ ಕೃಷ್ಣಮೋಹನ ಭಟ್ಟರು ಒಂದು ಹಳೆಯ ಜೀಪನ್ನು ಎಳೆಸಿಕೊಂಡು ಬಂದರು. ಅವರ ತಂದೆ ಮಿಲಿಟರಿ ಹರಾಜಿನಲ್ಲಿ ಹಿಡಿದದ್ದು. ಪಂಜದಿಂದ ಪುತ್ತೂರಿಗೆ ಬಾಡಿಗೆ ಓಡಿ, ಆಮೇಲೆ ಇಪ್ಪತ್ತು ವರ್ಷ ಶೆಡ್ಡಿನಲ್ಲಿ ನಿಂತದ್ದು.

"ಮಿಲಿಟರಿಯಲ್ಲಿ ಹೇಗಿತ್ತೋ ಹಾಗೇ ಆಗ್ಬೇಕು ಸಂಕಪ್ಪಣ್ಣ. ಎಷ್ಟು ಆಗ್ಬಹುದು?"

"ಎರಡು ಲಕ್ಷದಲ್ಲಿ ಮುಗೀಬಹುದು ಭಟ್ರೆ."

ಮುಗಿಯಲಿಲ್ಲ. ಇಂಥ ಗಾಡಿಗೆ ಅಂದಾಜು ಹೇಳುವವನೇ ಮೂರ್ಖ. ಒಂದು ಬೋಲ್ಟು ಬಿಚ್ಚಲು ಹೋದರೆ ನಾಲ್ಕು ಮುರಿಯುತ್ತವೆ. ಗೇರ್‌ಬಾಕ್ಸಿಗೆಂದು ಕೊಯಮತ್ತೂರಿನ ಗುಜರಿಗೆ ಇಬ್ಬರೂ ಎರಡು ಸಲ ಹೋದರು. ಮೊದಲು ತಂದದ್ದರ ಹಲ್ಲೆಲ್ಲ ಸವೆದಿತ್ತು. ಹಿಂದಿನ ದೀಪದ ಗಾಜಿಗೆ ಮೂರು ತಿಂಗಳು ಕಾದರು. ನಾಲ್ಕು ಲಕ್ಷ ದಾಟಿತು. "ಜೀಪಿಗೆ ಬಂಗಾರದ ಒಡವೆ ಮಾಡಿಸ್ತಾ ಇದ್ದೀರಾ?" ಎಂದು ಭಟ್ಟರ ಹೆಂಡತಿ ಶಂಕರಿ ಸಂಕಪ್ಪನಿಗೆ ಫೋನಿನಲ್ಲೇ ಚುಚ್ಚಿದರು.

ಅಂತೂ ಎಂಜಿನ್ನು ಸಿದ್ಧವಾಯಿತು, ಬಾಡಿ ಸಿದ್ಧವಾಯಿತು. ಉಳಿದದ್ದು ಚಾಸಿ, ಎಲ್ಲವನ್ನೂ ಹೊರುವ ಕಬ್ಬಿಣದ ಚೌಕಟ್ಟು. ಗಟ್ಟಿ ಉಂಟೆಂದು ಸಂಕಪ್ಪ ಅದನ್ನು ಕೊನೆಗೆ ಇಟ್ಟಿದ್ದ. ಬಣ್ಣ ಹೊಡೆಯುವ ಮೊದಲು ಹಳೆಯ ಟಾರು ಕೆರೆಯುತ್ತಿದ್ದಾಗ, ಹಿಂದಿನ ಸ್ಪ್ರಿಂಗು ಕೂರುವ ಜಾಗದಲ್ಲಿ ಒಂದು ಪ್ಲೇಟಿನ ತೇಪೆ ಕಂಡಿತು. ಬೆಸುಗೆಯ ಅಲೆಗಳು ಉಲ್ಟಾ ಇದ್ದವು. ಅದರ ಪಕ್ಕದಲ್ಲೇ ಕೂದಲೆಳೆಯಂತೆ ಒಂದು ಬಿರುಕು.

ಅವನು ಬ್ರಷ್ಷು ಕೆಳಗಿಟ್ಟ. ಈ ತೇಪೆ ಹಾಕಿದಾಗ ಅವನಿಗೆ ಇಪ್ಪತ್ತೆರಡು, ಹಾಕಿದ್ದೇ ಮರೆತುಹೋಗಿತ್ತು. ಒಡೆದ ಭಾಗ ಕತ್ತರಿಸಿ ಬೇರೆ ಕೂರಿಸಬೇಕಿತ್ತು. ಕೂರಿಸಲಿಲ್ಲ, ಮೇಲಿಂದ ಪ್ಲೇಟು ಅಂಟಿಸಿ ಟಾರು ಬಳಿದಿದ್ದ. ಮುಂದಿನ ವಾರ ಸರಿಮಾಡುವ ಎಂದುಕೊಂಡಿದ್ದ. ಆ ವಾರ ಬರಲೇ ಇಲ್ಲ. ಹತ್ತು ವರ್ಷ ಆ ಬಿರುಕಿನ ಮೇಲೆ ಊರೇ ಕೂತು ಗುಡ್ಡ ಹತ್ತಿ ಇಳಿದಿತ್ತು. ಹೆರಿಗೆ ನೋವೆದ್ದ ಕಮಲಾವತಿಯನ್ನು, ತನ್ನ ಸ್ವಂತ ಹೆಂಡತಿಯನ್ನು, ಅವನು ಪುತ್ತೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದದ್ದೂ ಇದೇ ಜೀಪಿನಲ್ಲಿ.

ಮರುದಿನ ಭಟ್ಟರು ಬಂದಾಗ ಟಾರ್ಚು ಹಿಡಿದು ತೋರಿಸಿದ. "ಇದು ನನ್ನದೇ ಕೆಲಸ ಭಟ್ರೆ. ಕಳ್ಳ ಕೆಲಸ."

ಭಟ್ಟರು ಬಗ್ಗಿ ನೋಡಿದರು. "ಇಷ್ಟು ವರ್ಷ ತಡೆದದ್ದು ಇನ್ನು ಮುರಿತದಾ? ಬಣ್ಣ ಹೊಡೀರಿ."

"ನಿಮ್ಮ ಮಕ್ಕಳನ್ನು ಕೂರಿಸ್ತೀರಾ ಇದರಲ್ಲಿ?"

"ಇನ್ನೆರಡು ತಿಂಗಳು, ಇನ್ನೊಂದು ಲಕ್ಷ! ನನ್ನಿಂದ ಆಗುದಿಲ್ಲ. ನೀವು ಹೊಡೆಯದಿದ್ರೆ ಬೇರೆ ಗ್ಯಾರೇಜು ಉಂಟು. ಇವತ್ತೇ ಎಲ್ಲ ಲಾರಿಗೆ ಹಾಕಿ ತಗೊಂಡು ಹೋಗ್ತೇನೆ."

ಬೇರೆಯವರು ಅರ್ಧ ದಿನದಲ್ಲಿ ಬಣ್ಣ ಹೊಡೆಯುತ್ತಾರೆ, ಆಮೇಲೆ ಈ ಬಿರುಕು ಯಾರ ಕಣ್ಣಿಗೂ ಬೀಳುವುದಿಲ್ಲ. ಸಂಕಪ್ಪನಿಗೆ ಅದು ಗೊತ್ತಿತ್ತು. ಮೊದಲು ಬೀಳದಂತೆ ಮಾಡಿದವನು ಅವನೇ ಅಲ್ಲವೇ. ಮೂಗಿನ ತುದಿಯಲ್ಲಿದ್ದ ಸಿಟ್ಟು ನೆತ್ತಿಗೇರಿತು. ಕಟ್ಟಿಂಗ್ ಮಿಷನ್ನು ಎತ್ತಿದವನೇ ಸ್ವಿಚ್ಚು ಒತ್ತಿದ.

"ಏ, ಎಂತ ಮಾಡ್ತೀರಿ ಮಾರಾಯ್ರೆ!"

ಕಿಡಿ ಹಾರಿತು. ಚಾಸಿಯ ಎಡಗಡೆಯ ಹಿಂದಿನ ತುಂಡು ತೇಪೆಯ ಸಮೇತ ಸಿಮೆಂಟಿನ ಮೇಲೆ ಬಿದ್ದಿತು.

"ಈಗ ತಗೊಂಡು ಹೋಗಿ. ಯಾರು ಬಣ್ಣ ಹೊಡೀತಾರೆ ನೋಡ್ವ."

ಭಟ್ಟರು ಪೊಲೀಸು ಕಂಪ್ಲೇಂಟು ಕೊಡ್ತೇನೆ ಎಂದರು. ಕೊಡಿ ಎಂದ ಸಂಕಪ್ಪ. ಭಟ್ಟರು ಬಿದ್ದ ತುಂಡನ್ನು ಎತ್ತಿ ತಿರುಗಿಸಿದರು. ಪ್ಲೇಟಿನ ಹಿಂದೆ ಕಬ್ಬಿಣವೇ ಇರಲಿಲ್ಲ, ಪದರ ಪದರ ತುಕ್ಕು. ಬೆರಳು ತಾಗಿದಲ್ಲಿ ಉದುರಿತು.

"ಅಪ್ಪನಿಗೆ ಗೊತ್ತಿತ್ತಾ?"

"ಮೂರು ದಿವಸದ ಕೆಲಸ ಅಂದೆ. ಸಂಜೆಗೆ ಗಾಡಿ ಬೇಕು ಅಂದ್ರು." ಸಂಕಪ್ಪ ಕೈ ಒರೆಸಿಕೊಂಡ. "ಆದ್ರೆ ವೆಲ್ಡಿಂಗ್ ಮಾಡಿದ್ದು ಅವರಲ್ಲ. ನಾನು."

ಭಟ್ಟರು ತುಂಡನ್ನು ಕೆಳಗಿಟ್ಟು ಹೋದರು. ವಾರವಾದರೂ ಫೋನಿಲ್ಲ. ಸಂಕಪ್ಪ ತನ್ನ ಕೈಯಿಂದಲೇ ದುಡ್ಡು ಹಾಕಿ ಹೊಸ ಕಬ್ಬಿಣ ತರಿಸಿದ, ಅಳತೆ ಹಿಡಿದು ಕತ್ತರಿಸಿದ. ಒಂಬತ್ತನೆಯ ದಿನ ಬೆಳಿಗ್ಗೆ ಭಟ್ಟರು ಬಂದು, ನಮಸ್ಕಾರವನ್ನೂ ಹೇಳದೆ, ಸ್ಟೂಲು ಎಳೆದು ಚಾಸಿಯ ಪಕ್ಕದಲ್ಲೇ ಕೂತರು.

"ಈ ಸಲ ನಾನು ನೋಡ್ತಾ ಕೂರುದು," ಎಂದರು.

"ಕೂರಿ," ಎಂದ ಸಂಕಪ್ಪ. ತನ್ನ ಕಪ್ಪು ಕನ್ನಡಕವನ್ನು ಅವರಿಗೆ ಕೊಟ್ಟು, ಹಳೆಯದೊಂದನ್ನು ತಾನು ಹಾಕಿಕೊಂಡು, ಎಡಗೈಯಲ್ಲಿ ಹೋಲ್ಡರು ಹಿಡಿದ.