ಬಾಗಿಲಿಗೆ ಓಡಿ ಬರುವ ಜಾತಿ

ಮಗಳು ಪಿಯುಸಿ ಓದುತ್ತಿದ್ದ ವರ್ಷ ನನ್ನ ನೌಕರಿ ಯಲಬುರ್ಗಾದಲ್ಲಿ, ಮನೆ ಗಂಗಾವತಿಯಲ್ಲಿ. ಶನಿವಾರ ಸಂಜೆ ಮನೆಗೆ ಬರುವುದು, ರವಿವಾರ ಸಂಜೆ ಹೊರಡುವುದು. ಯಲಬುರ್ಗಾದಲ್ಲಿ ನನಗೊಂದು ಬಾಡಿಗೆ ಖೋಲಿ ಇತ್ತು. ಆ ಊರಿನಲ್ಲಿ ನನ್ನ ಅಭಿಪ್ರಾಯ ಕೇಳುತ್ತಿದ್ದವನು ಖಾನಾವಳಿಯವನೊಬ್ಬನೇ: ಖಡಕ್ ರೊಟ್ಟಿಯೋ, ಬಿಸಿ ರೊಟ್ಟಿಯೋ ಎಂದು. ಕಚೇರಿಯಲ್ಲಿ ಅದೂ ಇಲ್ಲ. ಸಾಹೇಬರು ಹೇಳುತ್ತಿದ್ದರು, ನಾನು ಟೈಪು ಮಾಡುತ್ತಿದ್ದೆ.

ಹೀಗಿರುವಾಗ ಒಂದು ಬುಧವಾರ ಮಗಳು ವಾಟ್ಸಾಪಿನಲ್ಲಿ ಎರಡು ಬೆಕ್ಕಿನ ಮರಿಗಳ ಫೋಟೊ ಕಳಿಸಿದಳು. ಬೆಕ್ಕು ಬೇಕೆಂದು ಅವಳು ಗೋಗರೆದು ಗೋಗರೆದು ಕೊನೆಗೆ ನನ್ನ ಹೆಂಡತಿ ಒಪ್ಪಿದ್ದಳು. ಆದರೆ ಮನೆ ಚಿಕ್ಕದು, ಬೆಕ್ಕೂ ಚಿಕ್ಕದಾಗಿಯೇ ಉಳಿಯಬೇಕು ಎಂಬುದು ಅವಳ ಷರತ್ತು. ಹೊಸಪೇಟೆಯ ಸಾಕುಪ್ರಾಣಿ ಅಂಗಡಿಯವ ಅಂಥ ಎರಡು ಜಾತಿ ತೋರಿಸಿದ್ದ. ಒಂದು ಮಂಚ್‌ಕಿನ್, ಗಿಡ್ಡ ಕಾಲಿನದು. ಇನ್ನೊಂದು ಸಿಂಗಪುರ, ಮೈ ಸಣ್ಣದು, ಕಣ್ಣು ದೊಡ್ಡದು. ಹೆಂಡತಿಗೆ ಮೊದಲನೆಯದು ಇಷ್ಟ, ಮಗಳಿಗೆ ಎರಡೂ ಇಷ್ಟ. "ಯಾವ್ದು ತರೂಣು ಅಪ್ಪಾಜಿ, ನೀವ ಹೇಳ್ರಿ" ಎಂದು ಕೆಳಗೆ ಬರೆದಿದ್ದಳು.

ನಗಬೇಡಿ, ನನ್ನ ಎದೆ ಉಬ್ಬಿತು. ಅಂದು ಸಂಜೆಯೆಲ್ಲ ಮೊಬೈಲು ಹಿಡಿದು ಎರಡೂ ಜಾತಿಯ ಪೂರ್ವಾಪರ ಜಾಲಾಡಿದೆ. ಹುಡುಗಿ ನೋಡಲಿಕ್ಕೆ ಹೋದಾಗಲೂ ಇಷ್ಟು ವಿಚಾರಿಸಿರಲಿಲ್ಲ. ಸಿಂಗಪುರದ ಬೆಕ್ಕಿಗೆ ಜನರೆಂದರೆ ಜೀವ, ಮನೆಗೆ ಯಾರು ಬಂದರೂ ಬಾಗಿಲಿಗೆ ಓಡಿ ಬರುತ್ತದೆ ಎಂದು ಒಂದು ಕಡೆ ಬರೆದಿತ್ತು. ನನಗೆ ಅಷ್ಟು ಸಾಕಾಯಿತು.

ಸಣ್ಣವಳಿದ್ದಾಗ ಮಗಳು ನನ್ನ ಚಪ್ಪಲಿಯ ಸಪ್ಪಳಕ್ಕೇ ಓಡಿ ಬರುತ್ತಿದ್ದಳು. ಈಗ ಒಳಗಿನಿಂದಲೇ ಬಂದಿರೇನು ಎಂದು ಕೇಳಿ ಮತ್ತೆ ಪುಸ್ತಕದೊಳಗೆ ತಲೆ ಹಾಕುತ್ತಿದ್ದಳು. ಅವಳದೇನೂ ತಪ್ಪಿಲ್ಲ, ಓದುವ ವಯಸ್ಸು. ಆದರೂ ವಾರವಿಡೀ ಗೋಡೆ ನೋಡಿಕೊಂಡು ಕೂತವನಿಗೆ, ತಾನು ಬಂದದ್ದಕ್ಕೆ ಯಾವುದಾದರೂ ಒಂದು ಜೀವ ಎದ್ದು ಬಾಗಿಲಿಗೆ ಬರಲಿ ಎನಿಸುತ್ತದೆ. ಇದನ್ನು ಮಗಳಿಗೆ ಬರೆಯಲಿಕ್ಕಾಗುತ್ತದೆಯೇ? ನಮ್ಮ ಓಣಿಯ ಹಿಂದೆಯೇ ಅಕ್ಕಿ ಗಿರಣಿ ಇದೆ, ಇಲಿಗಳ ಕಾಟ, ಗಿಡ್ಡ ಕಾಲಿನದು ಏನು ಹಿಡಿದೀತು, ಸಿಂಗಪುರದ್ದೇ ಇರಲಿ ಎಂದು ಯಜಮಾನನ ಗತ್ತಿನಲ್ಲಿ ಬರೆದು ಕಳಿಸಿದೆ. ಮರುದಿನವೇ ಅದನ್ನು ತಂದರು.

ಆ ಶನಿವಾರ ಸಾಹೇಬರು ಕೆಲಸ ಹಚ್ಚಿದ್ದರಿಂದ ನನಗೆ ಹೋಗಲಾಗಲಿಲ್ಲ. ಇನ್ನೊಂದು ವಾರ ಬೆಕ್ಕನ್ನು ಫೋಟೊದಲ್ಲೇ ನೋಡಿದೆ. ಖಾನಾವಳಿಯವನಿಗೂ ತೋರಿಸಿದರೆ, ಇಂಥವು ತನ್ನ ಹಿತ್ತಲಲ್ಲೇ ನಾಲ್ಕು ಇವೆ ಎಂದುಬಿಟ್ಟ. ಸಿಟ್ಟಿಗೆ ಅಂದು ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳದೆ ಎದ್ದೆ. ಫೋನಿನಲ್ಲಿ ಮಾತ್ರ ಹೆಂಡತಿಯ ಹೊಗಳಿಕೆ ನಿಲ್ಲುತ್ತಿರಲಿಲ್ಲ. ಹಾಲಿನವ ಬಂದರೂ ಅದು ಬಾಗಿಲಿಗೆ ಓಡುತ್ತದಂತೆ, ಪಕ್ಕದ ಮನೆಯ ಚಾಚಿ ಬಂದರೂ ಓಡುತ್ತದಂತೆ. "ನೀವು ಆರಿಸಿದ್ದ ಛಲೋ ಆತು ನೋಡ್ರಿ" ಎಂದಳು.

ಮುಂದಿನ ಶನಿವಾರ ಬಸ್ಸು ಹಿಟ್ನಾಳ ದಾಟುತ್ತಲೇ ಮನೆಗೆ ಫೋನು ಮಾಡಿದೆ. ಎಂದೂ ಹಾಗೆ ಮಾಡದವನು ಮಾಡಿದ್ದಕ್ಕೆ ಹೆಂಡತಿ ಗಾಬರಿಯಾಗಿ ಆರಾಮ ಇದ್ದೀರಿಲ್ಲೋ ಎಂದು ಕೇಳಿದಳು. ಮನೆ ಮುಟ್ಟಿ ಬಾಗಿಲು ತೆರೆದೆ. ಬೆಕ್ಕು ಓಡಿಯೇ ಬಂತು. ಹೊಸ್ತಿಲ ಹತ್ತಿರ ನಿಂತು ನನ್ನ ಮುಖ ನೋಡಿತು. ಮರುಕ್ಷಣ ಮಂಚದ ಕೆಳಗೆ ನುಗ್ಗಿತು.

ರವಿವಾರ ಬೆಳಗಾದರೂ ಹೊರಗೆ ಬರಲಿಲ್ಲ. ನೆಲದ ಮೇಲೆ ಬೋರಲು ಮಲಗಿ, ಈ ವಯಸ್ಸಿನಲ್ಲಿ ಮಿಯಾಂವ್ ಎಂದೂ ನೋಡಿದೆ. ಚಾಚಿಯ ದನಿ ಕೇಳಿ ಒಮ್ಮೆ ಮೂತಿ ಹೊರಗೆ ಹಾಕಿತು, ನನ್ನ ಕಾಲು ಕಂಡು ಹಿಂದೆ ಸರಿಯಿತು. ಕೊನೆಗೆ ಮಗಳು ಓದುವುದು ಬಿಟ್ಟು ಬಂದು ಮಂಚದ ಪಕ್ಕ ಕೂತಳು. ಬಗ್ಗಿ, ಕೂಸಿಗೆ ಹೇಳುವಂತೆ ಮೆಲ್ಲಗೆ ಹೇಳಿದಳು: "ಅಂಜಬ್ಯಾಡ. ಅಪ್ಪಾಜಿ ಸಂಜಿಮುಂದ ಹೋಗ್ತಾರ."

ಅವಳ ಮಾತಿನಲ್ಲಿ ಮುಳ್ಳಿರಲಿಲ್ಲ. ಇದ್ದದ್ದನ್ನೇ ಹೇಳಿ ಬೆಕ್ಕಿಗೆ ಧೈರ್ಯ ತುಂಬುತ್ತಿದ್ದಳು. ನಾನು ಮಾತ್ರ ಎದ್ದು ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡೆ.

ಊಟ ಮಾಡಿ ಮಧ್ಯಾಹ್ನದ ಬಸ್ಸಿಗೇ ಚೀಲ ಎತ್ತಿಕೊಂಡೆ. ಇಷ್ಟು ಲಗು ಯಾಕೆ ಎಂದು ಹೆಂಡತಿ ಕೇಳಿದಳು. ಕಚೇರಿಯ ಕೆಲಸವಿದೆ ಎಂದೆ. ಬೆಕ್ಕು ನಿನ್ನೆಯಿಂದ ಹಾಲು ಮುಟ್ಟಿರಲಿಲ್ಲ.