ಗೋಧಿ ತೆನೆಯ ಮುದ್ರೆ ಹುಡುಕುವ ಹಫೀಜಾ

ಬೆಳಗಿನ ಐದೂವರೆ. ಮ್ಯಾನ್‌ಹೈಮ್‌ನ ಕೈಗಾರಿಕಾ ಪ್ರದೇಶದ ಗೋದಾಮೊಂದರಲ್ಲಿ ಹೆಂಗಸೊಬ್ಬರು ನೆಲಕ್ಕೆ ಕೆನ್ನೆ ತಾಗುವಷ್ಟು ಬಗ್ಗಿ, ಸರಕು ಪೇರಿಸಿದ ಮರದ ಪ್ಯಾಲೆಟ್‌ಗಳಿಗೆ ಟಾರ್ಚ್ ಬಿಡುತ್ತಿದ್ದಾರೆ. ಕಿವಿಯ ಓಲೆ ಬಿದ್ದಿರಬೇಕು ಅಂದುಕೊಂಡು ನಾನೂ ಬಗ್ಗುತ್ತೇನೆ. ಅವರು ನಗುತ್ತಾರೆ. ಹೊರಗೆ ಇಂಗ್ಲೆಂಡಿಗೆ ಹೊರಟ ಲಾರಿ ಕಾಯುತ್ತಿದೆ.

ಹುಬ್ಬಳ್ಳಿಯ ಹಫೀಜಾ ಅವರಿಗೆ ಈಗ ನಲವತ್ತೇಳು. ಗಂಡನ ಎಂಜಿನಿಯರ್ ಕೆಲಸದ ಬೆನ್ನಿಗೆ ಜರ್ಮನಿಗೆ ಬಂದು ಹದಿನೆಂಟು ವರ್ಷ. ಬೇಕರಿ ಒಲೆಗಳಿಗೆ ಬಾಗಿಲು ಮಾಡುವ ಈ ಹದಿನಾಲ್ಕು ಜನರ ಕಂಪನಿಗೆ ಪ್ಯಾಕಿಂಗ್ ಕೆಲಸಕ್ಕೆ ಸೇರಿದವರು. ಮಾಡಿದ ಬಾಗಿಲುಗಳಲ್ಲಿ ಅರ್ಧದಷ್ಟು ಇಂಗ್ಲೆಂಡಿನ ಒಬ್ಬನೇ ಗಿರಾಕಿಗೆ ಹೋಗುತ್ತವೆ. ಇಂಗ್ಲೆಂಡ್ ಯುರೋಪಿನ ಒಕ್ಕೂಟ ಬಿಟ್ಟದ್ದೇ ತಡ, ಪಕ್ಕದೂರಿನಂತಿದ್ದ ಅದು ಪರದೇಶವಾಯಿತು. ದೊಡ್ಡ ಕಂಪನಿಗಳು ಸುಂಕದ ಕಾಗದಕ್ಕೆಂದೇ ವಿಭಾಗ ತೆರೆದವು. ಇಲ್ಲಿ ಆ ವಿಭಾಗವೆಂದರೆ ಹಫೀಜಾ.

"ಮೊದಲೆಲ್ಲಾ ತ್ಸೋಲ್‌ದವರ ಲೆಟರ್ ಬಂದ್ರ ಎದಿ ಧಸಕ್ ಅಂತಿತ್ತು ನೋಡ್ರೀ. ಈಗ ಫಾರ್ಮ್ ಎಲ್ಲಾ ಬಾಯಿಪಾಠ ಆಗ್ಯಾವ," ಎನ್ನುತ್ತಾರೆ. ತ್ಸೋಲ್ ಅಂದರೆ ಇಲ್ಲಿನ ಸುಂಕ ಇಲಾಖೆ.

ಕಾಗದ ಕಲಿತರೂ ಕಟ್ಟಿಗೆ ಕೈಕೊಟ್ಟಿತು. ಈಗ ಇಂಗ್ಲೆಂಡಿಗೆ ಹೋಗುವ ಪ್ಯಾಲೆಟ್‌ನ ಮರವನ್ನು ಹುಳ ಸಾಯುವಷ್ಟು ಕಾಯಿಸಿರಬೇಕು, ಅದಕ್ಕೆ ಸಾಕ್ಷಿಯಾಗಿ ಗೋಧಿ ತೆನೆಯ ಮುದ್ರೆ ಇರಬೇಕು. ಆದರೆ ಜರ್ಮನಿಯ ಗೋದಾಮುಗಳದ್ದು ಒಂದು ಹಳೆಯ ರೂಢಿ: ಸರಕಿನ ಜೊತೆ ಬಂದ ಪ್ಯಾಲೆಟ್ ಇಟ್ಟುಕೊಂಡು, ತಮ್ಮದೊಂದನ್ನು ಚಾಲಕನಿಗೆ ಕೊಡುವುದು. ಹೀಗೆ ಮುದ್ರೆ ಇದ್ದದ್ದು ಆಚೆ ಹೋಗಿ ಇಲ್ಲದ್ದು ಒಳಗೆ ಬರುತ್ತದೆ. ಕಳೆದ ನವೆಂಬರಿನಲ್ಲಿ ಅಂಥದ್ದೇ ಒಂದರಿಂದಾಗಿ ಇಡೀ ಸರಕು ಬಂದರಿನಲ್ಲಿ ಒಂಬತ್ತು ದಿನ ಕೊಳೆಯಿತು. ಇನ್ನೊಮ್ಮೆ ಹೀಗಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಗಿರಾಕಿ ಬರೆದ.

"ತಪ್ಪು ನಂದ ರೀ. ಪೇಪರ್ ಹತ್ತು ಸಲ ನೋಡಿದೆ, ಕೆಳಗಿನ ಕಟ್ಟಿಗಿ ನೋಡಲಿಲ್ಲ. ಆ ಗಿರಾಕಿ ಹೋದ್ರ ಇಲ್ಲಿ ಏಳು ಮಂದಿ ಮನಿಗೆ."

ಇಂದು ಒಂಬತ್ತು ಪ್ಯಾಲೆಟ್‌ಗಳ ಪೈಕಿ ಕೊನೆಯದರಲ್ಲಿ ಮುದ್ರೆಯಿಲ್ಲ. ಚಾಲಕ ಗೊಣಗುತ್ತಾನೆ. ಮಾಲೀಕರು ಗಡಿಯಾರ ನೋಡಿ, "ಇದೊಂದು ಹೋಗಲಿ, ಅಲ್ಲಿ ಯಾರು ಬಗ್ಗಿ ನೋಡುತ್ತಾರೆ?" ಎಂದು ಜರ್ಮನ್‌ನಲ್ಲಿ ಕೇಳುತ್ತಾರೆ. "ನಾನು ಬಗ್ಗಿ ನೋಡಿದ್ದೇನಲ್ಲ," ಎನ್ನುತ್ತಾರೆ ಹಫೀಜಾ, ಅದೇ ಭಾಷೆಯಲ್ಲಿ, ದನಿ ಏರಿಸದೆ. ಮುದ್ರೆಯಿರುವ ಇನ್ನೊಂದು ಪ್ಯಾಲೆಟ್ ಪಕ್ಕಕ್ಕೆಳೆದು, ಸರಕನ್ನು ಅದಕ್ಕೆ ಸಾಗಿಸಲು ಕೋಟು ಕಳಚಿಟ್ಟು ಮೊದಲ ಒಲೆಬಾಗಿಲಿಗೆ ಕೈ ಹಾಕುತ್ತಾರೆ. ಒಂದೊಂದೂ ಹದಿನೆಂಟು ಕಿಲೋ, ಒಟ್ಟು ಇಪ್ಪತ್ನಾಲ್ಕು ಬಾಗಿಲು. ಮಾಲೀಕರು ಅಂಗಿಯ ತೋಳು ಮಡಿಸಿ ಇನ್ನೊಂದು ತುದಿ ಹಿಡಿಯುತ್ತಾರೆ. ನನ್ನ ಕೈಗೂ ಗ್ಲೌಸ್ ಬರುತ್ತದೆ. ಲಾರಿ ಮುಕ್ಕಾಲು ಗಂಟೆ ತಡವಾಗಿ ಹೊರಡುತ್ತದೆ. ನನ್ನ ಸೊಂಟ ಇನ್ನೂ ನೋಯುತ್ತಿದೆ, ಅವರ ಬಗ್ಗೆ ಹೆಮ್ಮೆಯೂ ಇದೆ.

ಮುಂದಿನ ವಾರ ಹಫೀಜಾ ಫೋನ್ ಮಾಡುತ್ತಾರೆ. ಸರಕು ಎಲ್ಲೂ ನಿಲ್ಲದೆ ಮುಟ್ಟಿದೆ, ವಸಂತದ ಆರ್ಡರೂ ಬಂದಿದೆ. ಕಂಪನಿಯವರು ಸನ್ಮಾನ ಗಿನ್ಮಾನ ಮಾಡಿದರೋ ಎಂದು ಕೆಣಕುತ್ತೇನೆ.

"ಸನ್ಮಾನ ಎಲ್ಲೀದು ತಗೀರಿ! ಇವತ್ತು ನಾ ಬರೂದ್ರಾಗ ನಮ್ಮ ಬಾಸ್ ಟಾರ್ಚ್ ಹಿಡ್ಕೊಂಡು ನೆಲದ ಮ್ಯಾಲೆ ಬಗ್ಗಿದ್ರು. ನಂಗ ಅಷ್ಟ ಸಾಕು."