ಉಡಿ ನುಂಗಿದ ಬೋಟು

ಆಗ ನನಗೆ ಅರವತ್ತೆರಡು. ನಾಲ್ಕು ವರ್ಷದ ಹಿಂದಿನ ಮಾತು. ಮಳೆಗಾಲ ಇನ್ನೂ ಹಿಡಿದಿರಲಿಲ್ಲ. ಹೈದರಾಬಾದಿನಿಂದ ಲಾರಿಯ ಮೇಲೆ ನಮಗೆ ಹೊಸ ಜೆಟ್ ಬೋಟ್ ಬಂತು. ಬಿಳಿ ಬಣ್ಣ, ನಡುವೆ ನೀಲಿ ಪಟ್ಟಿ. ಗಣಿಗೆ ಹೋದ ಹೊಲದ ದುಡ್ಡೆಲ್ಲ ಅದಕ್ಕೇ ಹೋಗಿತ್ತು. ಓಣಿಯಲ್ಲಿ ಲಾರಿ ತಿರುಗಲಿಲ್ಲ. ಇಪ್ಪತ್ತು ಮಂದಿ ಬಿದಿರು ಕಟ್ಟಿ, ಹೆಗಲು ಕೊಟ್ಟು ಹೊಳೆಗೆ ಒಯ್ದರು. ಪಕ್ಕದ ಮನೆಯ ಮುದುಕಿ ಹೊಸ್ತಿಲಲ್ಲಿ ಕೂತು ನೋಡಿ, ಹೆಣ ಹೊರಟಿತು ಅಂದುಕೊಂಡಳು.

"ಯಾರ ಮಣ್ಣವ್ವಾ ಇದು?"

"ನಮ್ಮ ಹೊಲದ್ದು," ಅಂದೆ.

ನನ್ನ ಗಂಡ ಅಂಬಿಗ. ಕಾಗಿಣಾ ಹೊಳೆಯಲ್ಲಿ ಅವನಪ್ಪನ ಕಾಲದಿಂದ ದೋಣಿ ಹಾಕಿದವನು. ಗಿಡ್ಡ ಸೇತುವೆ ಆದ ಮೇಲೆ ದೋಣಿ ಯಾರಿಗೂ ಬೇಡವಾಯಿತು. ಆದರೆ ಮೇಲೆ ಚಿಂಚೋಳಿ ಕಡೆ ಜೋರು ಮಳೆ ಬಿದ್ದರೆ ಸೇತುವೆ ಮುಳುಗುತ್ತದೆ, ಆಚೆಯ ಊರಿನವರು ಮೂರು ನಾಲ್ಕು ದಿನ ಆಚೆಯೇ ಉಳಿಯುತ್ತಾರೆ. ಅಂಥ ದಿನಗಳಿಗೆ ಪಂಚಾಯಿತಿಯವರು ಒಂದು ಬೋಟು ಇಟ್ಟುಕೊಳ್ಳುತ್ತಾರಂತೆ, ನಡೆಸುವವನಿಗೆ ವರ್ಷವಿಡೀ ಸಂಬಳವಂತೆ ಎಂದು ಗಂಡ ಚಿತ್ತಾಪುರದ ಕಚೇರಿಯಲ್ಲಿ ಕೇಳಿ ಬಂದಿದ್ದ. ತುಂಬಿದ ಹೊಳೆಯಲ್ಲಿ ಒಮ್ಮೆ ದಾಟಿಸಿ ತೋರಿಸಬೇಕು. ಅಷ್ಟೇ.

ನಾನು ಮೂವತ್ತು ವರ್ಷ ಶಹಾಬಾದ ರಸ್ತೆಯ ಪಾಲಿಶ್ ಶೆಡ್ಡಿನಲ್ಲಿ ನೆಲಕ್ಕೆ ಹಾಸುವ ಪರ್ಸಿ ಕಲ್ಲು ಹೊತ್ತವಳು. ದಿನವೆಲ್ಲ ಕಾಲು ಕಲ್ಲಿನ ಕೆಸರಿನಲ್ಲಿ. ಬೆರಳ ಸಂದಿಗಳು ಬಿರಿದು ಹಾಗೇ ಉಳಿದಿವೆ. ಬೋಟು ಬಂದ ದಿನವೇ ಹೋಗಿ ಮೇಸ್ತ್ರಿಗೆ ಹೇಳಿಬಿಟ್ಟೆ.

"ನಾಳಿಂದ ನಾ ಬರಲ್ಲ. ನಿನ್ನ ಕಲ್ಲು ನೀನೇ ಹೊತ್ಕೋ."

ಅವನು ನಕ್ಕ. "ಹೊಳ್ಳಿ ಬರ್ತಿ ತಗೋ ಆಯಿ."

"ಬಂದ್ರ ನನ್ನ ಹೆಸರು ಈ ನಾಯಿಗಿಡು," ಅಂದೆ. ಶೆಡ್ಡಿನ ಬಾಗಿಲಲ್ಲಿ ಒಂದು ಕೆಂಪು ನಾಯಿ ಮಲಗಿತ್ತು.

ಬೋಟಿನ ಬಗ್ಗೆ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಇದಕ್ಕೆ ಹೊರಗೆ ಫ್ಯಾನ್ ಇಲ್ಲ. ಹೊಟ್ಟೆಯ ಕೆಳಗೆ ಒಂದು ಬಾಯಿ. ಒಳಗಿನ ಚಕ್ರ ಅಲ್ಲಿಂದ ನೀರು ಎಳೆದು ಹಿಂದಿನಿಂದ ಉಗುಳುತ್ತದೆ, ಆ ಜೋರಿಗೆ ಬೋಟು ಮುಂದೆ ಓಡುತ್ತದೆ. ಮೊಳಕಾಲುದ್ದ ನೀರಿದ್ದರೂ ಸಾಕು. ಅದೊಂದು ನನಗೆ ಹಿಡಿಸಿತು. ಆದರೆ ವೇಗ ತಗ್ಗಿಸಿದರೆ ತಿರುಗುವುದಿಲ್ಲ. ಗಂಡನಿಗೆ ದಂಡೆ ಬಂದಾಗ ನಿಧಾನ ಮಾಡುವ ಅಭ್ಯಾಸ. ಮೊದಲ ದಿನ ನಿಧಾನ ಮಾಡಿದ. ಬೋಟು ಸೀದಾ ಹೋಗಿ ಬಟ್ಟೆ ಒಗೆಯುವ ಕಲ್ಲಿಗೆ ಗುದ್ದಿತು. ಮೂತಿ ಸೀಳಿತು.

"ದಂಡಿ ಬಂದಾಗ ಜೋರ್ ಮಾಡ್ಬೇಕಂತ, ಆಗ ತಿರಗ್ತದಂತ," ಅಂದ.

"ಇದ್ಯಾವ ಶಾಣ್ಯಾ ಮಾಡ್ಯಾನೋ," ಅಂದೆ.

ಅದರ ಜೊತೆ ಒಂದು ಪುಸ್ತಕ ಬಂದಿತ್ತು, ಇಂಗ್ಲಿಷಿನದು. ಗಂಡನಿಗೆ ಅಕ್ಷರವೇ ಬಾರದು. ನನಗೆ ಬಸ್ಸಿನ ಬೋರ್ಡು ಓದುವಷ್ಟು ಬರುತ್ತದೆ. ಹಿಂಬದಿಯಲ್ಲಿ ಒಂದು ಚಿತ್ರ ಅಂಟಿಸಿದ್ದರು, ಹಗ್ಗ, ಬಟ್ಟೆ, ಅವುಗಳ ಮೇಲೆ ಕೆಂಪು ಗೆರೆ. ಪೂಜೆಯ ದಿನ ಅದರ ಮೇಲೇ ಅರಿಷಿಣ ಕುಂಕುಮ ಬಳಿದೆ. ಆಮೇಲೆ ಅದು ಕಾಣಲೇ ಇಲ್ಲ.

ಆಮೇಲೆ ಗಂಡನಿಗೆ ಹುಚ್ಚು ಹಿಡಿಯಿತು. ಸೇಡಂನಲ್ಲಿ ರೆಕ್ಸಿನ್ ಸೀಟು ಹೊಲಿಸಿದ. ಮೇಲೆ ತಗಡಿನ ನೆರಳು. ಬಸ್ಸಿನ ಹಾರ್ನು. ಭಾರ ಹೆಚ್ಚಾಗಿ ಬೋಟು ಬಸುರಿ ಎಮ್ಮೆಯಂತೆ ನಡೆಯತೊಡಗಿತು. ಜೊತೆಗೆ ಕೆಳಗಿನ ಬಾಯಿಗೆ ಅಡ್ಡ ಹಾಕಿದ್ದ ಸರಳುಗಳಿಗೆ ಪಾಚಿ ಸಿಕ್ಕುತ್ತಿತ್ತು. ವಾಡಿಯಿಂದ ಒಬ್ಬ ವೆಲ್ಡಿಂಗಿನವನನ್ನು ಕರೆಸಿದ. ಅವನು ಅಡಿಯಲ್ಲಿ ಮಲಗಿ ನೋಡಿದ.

"ಚಾಚಾ, ಇದರ ಗಂಟಲಾ ಸಣ್ಣದದ. ಒಂದ್ ಬಿಟ್ಟು ಒಂದ್ ಸರಳ ಕೊಯ್ತೀನಿ. ದಮ್ ಬರ್ತದ ನೋಡ್ರಿ."

"ಅವ್ರು ಸುಮ್ನ ಹಚ್ಚ್ಯಾರೇನೋ?" ಅಂದೆ.

"ಅಮ್ಮಾ, ಅವ್ರು ಸಮುದ್ರದ ಮಂದಿ. ಕಾಗಿಣಾ ಅವರಿಗೇನ್ ಗೊತ್ತು?"

ಮಾತು ಖರೆ ಅನ್ನಿಸಿತು. ಕೊಯ್ದ. ದಮ್ಮೂ ಬಂತು, ಸುಳ್ಳು ಹೇಳಬಾರದು.

ಶ್ರಾವಣದಲ್ಲಿ ಸೇತುವೆ ಮುಳುಗಿತು. ಪಂಚಾಯಿತಿಯ ಅಧಿಕಾರಿ ಕೊಡೆ ಹಿಡಿದು ಬಂದ. ಅವನು, ಆಚೆಯ ಊರಿನ ನಾಲ್ವರು, ನಾನು ಹತ್ತಿ ಕೂತೆವು. ನನ್ನನ್ನು ಬಿಟ್ಟು ಹೊರಡುವಂತಿರಲಿಲ್ಲ. ಹೊಸ ದೋಣಿ ಮೊದಲ ಸಲ ಮಂದಿಯನ್ನು ದಾಟಿಸುವಾಗ ಅಂಬಿಗನ ಹೆಂಡತಿ ನಡು ಹೊಳೆಯಲ್ಲಿ ಉಡಿ ಹಾಕಬೇಕು. ಕುಪ್ಪಸದ ಖಣ, ಕೊಬ್ಬರಿ, ಉತ್ತತ್ತಿ, ಹಸಿರು ಬಳೆ. ದೋಣಿಯ ಮುಂದೆ ಹಾಕಬೇಕು. ಅದು ದೋಣಿಯ ಅಡಿಯಿಂದ ಹಾದು ಹಿಂದೆ ತೇಲಿದರೆ ಹೊಳೆ ಒಪ್ಪಿಕೊಂಡ ಹಾಗೆ. ನನ್ನ ಅತ್ತೆ ಹಾಕಿದ್ದಳು, ನಾನೂ ಎರಡು ದೋಣಿಗೆ ಹಾಕಿದ್ದೆ. ಯಾವಾಗಲೂ ಹಿಂದೆ ಬಂದಿತ್ತು.

ಕೆಳಗೆ ಬಾಯಿ ಇದೆಯೆಂದು ನನಗೆ ಗೊತ್ತಿತ್ತು, ಗಂಡನಿಗೂ ಗೊತ್ತಿತ್ತು. ಇಬ್ಬರಿಗೂ ಹೊಳೆಯಲಿಲ್ಲ. ಉಡಿಯನ್ನು ಕಸ ಅಂತ ಯಾರು ಅಂದುಕೊಳ್ಳುತ್ತಾರೆ?

ನಡು ಹೊಳೆಯಲ್ಲಿ ಗಂಡ ಹಾರ್ನು ಹೊಡೆದ. "ಹಾಕು," ಅಂದ. ಹಾಕಿದೆ. ಎಲ್ಲರೂ ಹಿಂದೆ ತಿರುಗಿ ನೋಡಿದರು. ಒಂದು ಉತ್ತತ್ತಿ ತೇಲಿತು. ಖಣ ಬರಲಿಲ್ಲ.

ಇಂಜಿನ್ನು ಕಿರುಚಿತು, ಬೋಟು ಮಾತ್ರ ನಿಂತಿತು. ಆಮೇಲೆ ಅಡ್ಡ ತಿರುಗಿ ಸೇತುವೆಯ ಕಡೆ ಜಾರತೊಡಗಿತು. ಗಂಡ ಸ್ಟೇರಿಂಗು ಗರಗರ ತಿರುಗಿಸಿದ. ನೀರು ಉಗುಳದಿದ್ದರೆ ತಿರುಗುವುದೆಲ್ಲಿ? ಅಧಿಕಾರಿ ನನ್ನ ರಟ್ಟೆ ಹಿಡಿದುಕೊಂಡ.

"ಏನರ ಮಾಡ್ರಿ ಅಮ್ಮಾ!"

"ಕುಂದ್ರಿ ಸುಮ್ನ. ನಿಂತ್ರ ಮಗಚ್ತದ."

ಸೇತುವೆಗೆ ಇನ್ನೂ ಐವತ್ತು ಮಾರು ಇರುವಾಗ ನೀರಿನಲ್ಲಿ ಮುಳುಗಿದ್ದ ಜಾಲಿಯ ಗಿಡಕ್ಕೆ ಸಿಕ್ಕಿಕೊಂಡೆವು. ತಗಡು ಕಿತ್ತು ಹೋಯಿತು. ದಂಡೆಯವರು ಹಗ್ಗ ಎಸೆದು ಎಳೆದರು. ಯಾರೂ ಸಾಯಲಿಲ್ಲ.

ಅಧಿಕಾರಿ ದಂಡೆಗಿಳಿದು ಒದ್ದೆ ಚಪ್ಪಲಿ ಝಾಡಿಸಿದ. "ಹಿರ್ಯಾರೇ, ನಿಮ್ಮ ಅರ್ಜಿ ಆಗಲ್ಲ. ಇದನ್ನ ಇನ್ನ ನೀರಿಗಿಳಿಸಬ್ಯಾಡ್ರಿ. ಇಳಿಸಿದ್ರ ನಾನೇ ಕೇಸ್ ಹಾಕ್ತೀನಿ." ಅವನದೇನೂ ತಪ್ಪಿಲ್ಲ. ನಾನಾಗಿದ್ದರೂ ಅದನ್ನೇ ಹೇಳುತ್ತಿದ್ದೆ.

ಸಂಜೆ ಬೋಟು ಮಗುಚಿ ಹಾಕಿದರು. ಒಳಗಿನ ಚಕ್ರದ ಎಲೆಗಳು ಬಾಗಿ ಹೋಗಿದ್ದವು. ಗಂಡ ಕೊಯ್ದ ಸರಳುಗಳ ನಡುವೆ ಕೈ ಹಾಕಿ ಎಳೆದ. ಹಸಿರು ಖಣ, ಉದ್ದುದ್ದ ಚಿಂದಿಯಾಗಿ ಬಂತು.

"ನಿಂದೇ ಅದ," ಅಂದ.

"ಹೌದು. ಸರಳ ಕೊಯ್ಸಿದ್ದು ನೀವು."

ಅವನು ಚಿಂದಿಯನ್ನು ದಂಡೆಯ ಕಲ್ಲಿನ ಮೇಲೆ ಹಾಕಿದ. ನಾನು ಹಿಂಡಿ ಮಡಿಚಿಟ್ಟುಕೊಂಡೆ. ಹೊಲವೂ ಇಲ್ಲ, ಹೊಳೆಯೂ ಇಲ್ಲ.

ಮರುದಿನ ಬೆಳಿಗ್ಗೆ ಎದ್ದು ರೊಟ್ಟಿ ಬಡಿದೆ. ನಾಲ್ಕು ಅವನಿಗೆ ಇಟ್ಟು, ಎರಡು ಕಟ್ಟಿಕೊಂಡು ಶೆಡ್ಡಿಗೆ ಹೋದೆ. ಮೇಸ್ತ್ರಿ ನನ್ನನ್ನು ನೋಡಿ ನಾಯಿಯನ್ನು ನನ್ನ ಹೆಸರಿನಿಂದ ಕರೆದ. ಹೆಂಗಸರೆಲ್ಲ ನಕ್ಕರು. ನಾಯಿ ಏಳಲಿಲ್ಲ. ನಾನು ಆ ಖಣದ ಚಿಂದಿಯನ್ನು ಸುತ್ತಿ ಸಿಂಬಿ ಮಾಡಿ ತಲೆಯ ಮೇಲಿಟ್ಟುಕೊಂಡು ಮೊದಲ ಕಲ್ಲು ಹೊತ್ತೆ.